ಹನ್ನೊಂದು ಮಕ್ಕಳ ಶಾಲೆಯಲ್ಲಿ ನಾನು ಮಾಡಿದ ತಪ್ಪು

"ನಿಮಗೇನು ಮೇಷ್ಟ್ರೇ, ಇರುವುದೇ 11 ಮಕ್ಕಳು" ಎಂಬ ಮಾತನ್ನು ಮದುವೆ ಮನೆಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ನನ್ನದು ಶರಾವತಿ ಹಿನ್ನೀರಿನ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆ. 11 ಮಕ್ಕಳು ನಿಜ, ಆದರೆ ತರಗತಿಗಳು ಐದು. ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ನಾವೂ ಇಬ್ಬರೇ. ಒಬ್ಬರು ತರಬೇತಿಗೋ ಸಮೀಕ್ಷೆಗೋ ಹೋದ ದಿನ ಉಳಿದವರೇ ಐದೂ ತರಗತಿಗಳಿಗೆ ಮೇಷ್ಟ್ರು, ಮೊಟ್ಟೆ ಲೆಕ್ಕಕ್ಕೆ ಗುಮಾಸ್ತರು.

ಒಂದರಿಂದ ಮೂರನೆಯ ತರಗತಿಯವರ ಚಿಂತೆ ಅಷ್ಟಿಲ್ಲ. ಅವರಿಗೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಕ್ಕಳು ಗುಂಪಿನಲ್ಲಿ ಕುಳಿತು, ಕಾರ್ಡು ಹಿಡಿದು, ತಮ್ಮ ತಮ್ಮ ಮೆಟ್ಟಿಲು ಹತ್ತುತ್ತಾರೆ. ನಾಲ್ಕಕ್ಕೆ ಬಂದರೆ ಕಾರ್ಡು ಹೋಗಿ ಪಠ್ಯಪುಸ್ತಕ ಬರುತ್ತದೆ. ಕಳೆದ ವರ್ಷ ನಮ್ಮ ನಾಲ್ಕನೆಯ ತರಗತಿಯಲ್ಲಿದ್ದದ್ದು ಒಬ್ಬಳೇ ಹುಡುಗಿ.

ಒಂದು ಮಗುವಿಗೆ ಒಬ್ಬ ಶಿಕ್ಷಕ, ಇನ್ನೇನು ಬೇಕು ಎಂದುಕೊಂಡಿದ್ದೆ. ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಲಿಸುತ್ತಿದ್ದೆ. ಲೆಕ್ಕಗಳೆಲ್ಲ ಸರಿ ಬರುತ್ತಿದ್ದವು. ನನಗೋ ಒಳಗೊಳಗೇ ಹೆಮ್ಮೆ.

ಒಂದು ದಿನ 52ರಲ್ಲಿ 27 ಕಳೆಯಲು ಕೊಟ್ಟು, ಫೋನ್ ಬಂತೆಂದು ಜಗಲಿಗೆ ಹೋದೆ. ತಿರುಗಿ ಬಂದಾಗ ಸ್ಲೇಟಿನಲ್ಲಿ 35 ಇತ್ತು. ಎರಡರಲ್ಲಿ ಏಳು ಹೋಗದು ಎಂದು ಏಳರಲ್ಲೇ ಎರಡನ್ನು ಕಳೆದಿದ್ದಳು. ನಾನು ಏನೂ ಹೇಳಲಿಲ್ಲ. ಅವಳು ನನ್ನ ಮುಖ ನೋಡಿದಳು, ಅಂಗೈಯಿಂದ 3 ಒರೆಸಿ 2 ಬರೆದಳು, ಮತ್ತೆ ಮುಖ ನೋಡಿದಳು. ಇಷ್ಟು ದಿನ ಅವಳು ಓದುತ್ತಿದ್ದದ್ದು ನನ್ನ ಹುಬ್ಬನ್ನು!

ಮೂವತ್ತು ಮಕ್ಕಳಿರುವಲ್ಲಿ ಯಾರೋ ಒಬ್ಬ ತಪ್ಪು ಹೇಳುತ್ತಾನೆ, ಇನ್ನೊಬ್ಬ ನಗುತ್ತಾನೆ, ಮತ್ತೊಬ್ಬಳು ಜಗಳಕ್ಕೆ ನಿಲ್ಲುತ್ತಾಳೆ. ಇವಳಿಗೆ ಜಗಳವಾಡಲು ಸರೀಕರೇ ಇರಲಿಲ್ಲ. ಮೇಷ್ಟ್ರ ಜೊತೆ ಯಾವ ಮಗು ಜಗಳವಾಡುತ್ತದೆ?

ಮರುದಿನ ಅವಳ ಚಾಪೆಯನ್ನು ಮೂರನೆಯ ತರಗತಿಯ ನಾಲ್ವರ ನಡುವೆ ಹಾಕಿದೆ. ಹತ್ತತ್ತು ಕಡ್ಡಿಗಳ ಕಟ್ಟು, ಒಂದಿಷ್ಟು ಬಿಡಿ ಕಡ್ಡಿ ಕೊಟ್ಟು, ಅದೇ ಲೆಕ್ಕ ಹೇಳಿ ಅಡುಗೆ ಕೋಣೆಯ ಕಡೆ ನಡೆದೆ. ಸುಮ್ಮನಿರುವುದು ನನ್ನಂಥ ಬಾಯಾಳಿಗೆ ಸುಲಭವಲ್ಲ. ಒಳಗೆ ಗಲಾಟೆಯೋ ಗಲಾಟೆ. "ಕಟ್ಟು ಬಿಚ್ಚದೆ ಏಳು ಎಲ್ಲಿಂದ ತೆಗೆಯುತ್ತೀ?" ಎಂದು ಮೂರನೆಯ ತರಗತಿಯ ಪೋರನೊಬ್ಬ ಅವಳನ್ನೇ ದಬಾಯಿಸುತ್ತಿದ್ದ. ತನಗಿಂತ ಚಿಕ್ಕವನು ಹೇಳಿದನೆಂದು ಸಿಟ್ಟಿನಿಂದಲೇ ಅವಳು ಕಟ್ಟು ಬಿಚ್ಚಿದಳು. 25 ಬಂತು. ಆಗ ಅವಳು ಬಾಗಿಲ ಕಡೆ ನೋಡಲಿಲ್ಲ.

ಎಲ್ಲ ಪಾಠಕ್ಕೂ ಇದು ಒಗ್ಗಲಿಲ್ಲ. ಪರಿಸರ ಅಧ್ಯಯನ ನಡೆಯಿತು, ಇಂಗ್ಲಿಷ್‌ಗೆ ಈಗಲೂ ತಿಣುಕುತ್ತಿದ್ದೇನೆ.

ಈಗ ಅವಳು ಐದನೆಯ ತರಗತಿ. ಮೊನ್ನೆ ಬೆಳಿಗ್ಗೆ ಬಿಸಿಯೂಟಕ್ಕೆ ಹತ್ತು ಜನ ಎಂದು ಅಡುಗೆಯ ಅಕ್ಕನಿಗೆ ಕೂಗಿ ಹೇಳಿದೆ.

"ತಪ್ಪು ಸರ್, ಒಂಬತ್ತು" ಎಂದಳು, ಪುಸ್ತಕದಿಂದ ತಲೆ ಎತ್ತದೆ. "ಎರಡನೆಯ ತರಗತಿಯವನು ನಿನ್ನೆಯಿಂದ ಹಳದಿ ವ್ಯಾನಿನಲ್ಲಿ ಹೋಗುತ್ತಿದ್ದಾನೆ."

ಎಣಿಸಿ ನೋಡಿದೆ. ಒಂಬತ್ತೇ.