ಸಕ್ಕರೆ ಕಾಯಿಲೆಯ ಹಾಗೆ ಕ್ಯಾನ್ಸರನ್ನೂ ರಕ್ತ ನೋಡಿ ಹೇಳಬಾರದೇಕೆ?

ನಾನು ಕ್ಯಾನ್ಸರ್ ಮತ್ತು ಪ್ರೋಟೀನುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ ಅಂತ ಗೊತ್ತಾದ ಮೇಲೆ ಸಿಂಧನೂರಿನಲ್ಲಿ ನಮ್ಮ ಮಂದಿ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. ದೊಡ್ಡವ್ವನ ಮಾತಿನಲ್ಲೇ ಹೇಳುತ್ತೇನೆ: "ಸಕ್ಕರಿ ಬ್ಯಾನಿ ಐತೇನು ಅಂತ ಒಂದ್ ಹನಿ ರಕ್ತದಾಗ ಹೇಳ್ತಾರ. ಕ್ಯಾನ್ಸರಿಗೂ ಹಂಗ ಒಂದು ಟೆಸ್ಟ್ ಮಾಡಬಾರದೇನವ್ವ? ಸ್ಕ್ಯಾನು, ಬಯಾಪ್ಸಿ ಅಂತ ಹೈದರಾಬಾದಿಗೆ ಅಡ್ಡಾಡೋದರ ತಪ್ಪತಿತ್ತು."

ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮ ಕ್ಷೇತ್ರದ ಎಷ್ಟೋ ಜನ ಇದರ ಬೆನ್ನು ಹತ್ತಿಯೇ ಸಂಶೋಧನೆಗೆ ಬಂದವರು.

ಸಕ್ಕರೆ ಕಾಯಿಲೆಯಲ್ಲಿ ಅಳೆಯಬೇಕಾದ ವಸ್ತು ರಕ್ತದಲ್ಲಿ ಧಾರಾಳವಾಗಿ ಇರುತ್ತದೆ, ಅದು ಏರುವುದೇ ಕಾಯಿಲೆ. ಗಡ್ಡೆಯಿಂದ ರಕ್ತಕ್ಕೆ ಸೇರುವ ಪ್ರೋಟೀನಿನ ಲೆಕ್ಕ ಬೇರೆ. ರಕ್ತಕಣ ತೆಗೆದರೆ ಉಳಿಯುವ ದ್ರವ ಪ್ಲಾಸ್ಮಾ. ಅದರ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಬುಮಿನ್ ಒಂದೇ. ಮಿಲಿಲೀಟರಿಗೆ ಸುಮಾರು 40 ಮಿಲಿಗ್ರಾಂ. ಗಂಡಸರ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಪ್ರೋಟೀನಾದ ಪಿಎಸ್‌ಎ ಅದೇ ಒಂದು ಮಿಲಿಲೀಟರಿನಲ್ಲಿ 4 ನ್ಯಾನೊಗ್ರಾಂ ದಾಟಿದರೆ ವೈದ್ಯರು ಮುಂದಿನ ತಪಾಸಣೆಗೆ ಹೇಳುವುದುಂಟು. ತೂಕದಲ್ಲಿ ಕೋಟಿಗೆ ಒಂದು. ಸೋನಾ ಮಸೂರಿ ಭತ್ತ 75 ಕೆಜಿಯ ಎರಡು ಚೀಲ ಸುರಿದರೆ ಹೆಚ್ಚುಕಡಿಮೆ ಒಂದು ಕೋಟಿ ಕಾಳು. ಅದರೊಳಗೆ ಬೇರೆ ತಳಿಯ ಒಂದು ಕಾಳನ್ನು ಹೆಕ್ಕಬೇಕು. ಇದಕ್ಕಿಂತ ಸಾವಿರ ಪಟ್ಟು ಕಡಿಮೆ ಇರುವ ಪ್ರೋಟೀನುಗಳೂ ಇವೆ.

ಆದರೂ ಹೆಕ್ಕಬಹುದು. ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಪ್ರೋಟೀನುಗಳು ಸಣ್ಣ ತುಂಡುಗಳಾಗುತ್ತವೆ. ಮಾಸ್ ಸ್ಪೆಕ್ಟ್ರೋಮೀಟರ್ ಆ ತುಂಡುಗಳ ತೂಕ ನೋಡಿ ಯಾವ ಪ್ರೋಟೀನಿನದು ಎಂದು ತಿಳಿಸುತ್ತದೆ. 2014ರಲ್ಲಿ 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿ ಮಾನವ ಪ್ರೋಟಿಯೋಮಿನ, ಅಂದರೆ ನಮ್ಮ ದೇಹದ ಒಟ್ಟು ಪ್ರೋಟೀನುಗಳ, ಕರಡು ನಕ್ಷೆ ಪ್ರಕಟವಾಯಿತು. ಅದರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನ ಪಾಲು ದೊಡ್ಡದು. ನನ್ನಂಥವರು ಈ ದಾರಿ ಹಿಡಿಯಲು ಅದೂ ಒಂದು ಕಾರಣ.

ತೊಡಕು ಇರುವುದು ಆಮೇಲೆ. ರಕ್ತ ತೆಗೆದ ಟ್ಯೂಬು ಬಿಸಿಲಲ್ಲಿ ಹೊತ್ತುಗಟ್ಟಲೆ ಕೂತರೆ ಕೆಂಪುಕಣ ಒಡೆದು, ಒಣಹುಲ್ಲಿನ ಬಣ್ಣದ ಪ್ಲಾಸ್ಮಾ ಗುಲಾಬಿಗೆ ತಿರುಗುತ್ತದೆ. ಕಣದೊಳಗಿನ ಪ್ರೋಟೀನುಗಳೆಲ್ಲ ಹೊರಗೆ. ರೋಗಿಗಳ ಟ್ಯೂಬು ತಡವಾಗಿ ಬಂದು, ಆರೋಗ್ಯವಂತರ ಟ್ಯೂಬು ಬೇಗ ಫ್ರೀಜರ್ ಸೇರಿದರೆ ಯಂತ್ರ ಇಬ್ಬರನ್ನೂ ಚೊಕ್ಕವಾಗಿ ಬೇರೆ ಮಾಡಿ ತೋರಿಸುತ್ತದೆ. ತೋರಿಸುವುದು ಕ್ಯಾನ್ಸರನ್ನಲ್ಲ, ತಡವನ್ನು. 2002ರಲ್ಲಿ ಅಮೆರಿಕದ ತಂಡವೊಂದು ರಕ್ತದ ಪ್ರೋಟೀನಿನ ವಿನ್ಯಾಸ ನೋಡಿ ಅಂಡಾಶಯದ ಕ್ಯಾನ್ಸರಿನ 50 ಮಾದರಿಗಳಲ್ಲಿ ಐವತ್ತನ್ನೂ ಗುರುತಿಸಿದೆವು ಎಂದು ಬರೆಯಿತು. ಜಗತ್ತೇ ಹಿಗ್ಗಿತು. ಬೇರೆಯವರು ಅದೇ ಮಾಹಿತಿಯನ್ನು ಮರುಪರಿಶೀಲಿಸಿದಾಗ, ಆ ವ್ಯತ್ಯಾಸ ಮಾದರಿಗಳನ್ನು ಸಂಸ್ಕರಿಸಿದ ರೀತಿಯಿಂದಲೇ ಬಂದಿರಬಹುದು ಎಂಬುದಕ್ಕೆ ಸುಳಿವು ಸಿಕ್ಕವು. ಪ್ರೋಟೀನುಗಳನ್ನು ಹೀಗೆ ಒಟ್ಟಾಗಿ ಅಭ್ಯಾಸ ಮಾಡುವ ಪ್ರೋಟಿಯೋಮಿಕ್ಸ್ ಕಲಿಯುವ ಪ್ರತಿಯೊಬ್ಬರಿಗೂ ಈ ಕಥೆಯನ್ನು ಮೊದಲು ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಪ್ರೋಟೀನು ನಿಜವಾಗಿ ಏರಿದರೂ ಅದು ಕ್ಯಾನ್ಸರೇ ಅಂತಿಲ್ಲ. ಅಂಡಾಶಯದ ಕ್ಯಾನ್ಸರಿಗಾಗಿ ರಕ್ತದಲ್ಲಿ ನೋಡುವ ಸಿಎ-125 ಎಂಬ ಪ್ರೋಟೀನು ಹೊಟ್ಟೆಯ ಟಿಬಿಯಲ್ಲೂ ಏರುತ್ತದೆ, ಮುಟ್ಟಿನ ದಿನಗಳಲ್ಲೂ ಏರಬಹುದು. ಒಂದು ಲಕ್ಷ ಜನರಲ್ಲಿ ನೂರು ಜನರಿಗೆ ಕಾಯಿಲೆ ಇದೆ ಅನ್ನಿ. ನೂರಕ್ಕೆ 99 ಸಲ ಸರಿ ಹೇಳುವ ಟೆಸ್ಟ್ ಅವರಲ್ಲಿ 99 ಜನರನ್ನು ಹಿಡಿಯುತ್ತದೆ. ಜೊತೆಗೆ ಕಾಯಿಲೆ ಇಲ್ಲದ 999 ಜನರಿಗೂ "ಇದೆ" ಅನ್ನುತ್ತದೆ. ದೊಡ್ಡವ್ವ ತಪ್ಪಿಸಬೇಕೆಂದ ಹೈದರಾಬಾದಿನ ಅಡ್ಡಾಟ ಅವರ ಪಾಲಿಗೆ ಹೊಸದಾಗಿ ಶುರು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದ ಕೊನೆಯ ಫಲಿತಾಂಶ 2021ರಲ್ಲಿ ಬಂತು: ಪ್ರತಿವರ್ಷ ಸಿಎ-125 ನೋಡಿದವರಲ್ಲಿ ಅಂಡಾಶಯದ ಕ್ಯಾನ್ಸರ್ ಬೇಗ ಪತ್ತೆಯಾದ ಪ್ರಕರಣ ಹೆಚ್ಚಿದವು, ಸಾವು ಕಡಿಮೆಯಾಗಲಿಲ್ಲ. ಕಾಯಿಲೆ ಖಚಿತವಾದ ಮೇಲೆ ಚಿಕಿತ್ಸೆ ನಾಟುತ್ತಿದೆಯೇ ಎಂದು ನೋಡಲು ಮಾತ್ರ ಇಂಥ ಟೆಸ್ಟುಗಳು ಬಹಳ ಉಪಯುಕ್ತ.

ಹಾಗಾಗಿ ನಮ್ಮ ಕಡೆಯವರಿಗೆ ನಾನು ಹೇಳುವುದು ಬಾಯಿಯ ವಿಚಾರ. ಗುಟ್ಕಾ, ತಂಬಾಕು ಹಾಕುವವರ ಬಾಯಿ ಕ್ಯಾನ್ಸರಿಗೆ ರಕ್ತ ಬೇಡ, ಟಾರ್ಚ್ ಸಾಕು. ತಿರುವನಂತಪುರ ಜಿಲ್ಲೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ ದೊಡ್ಡ ಅಧ್ಯಯನದ ಫಲಿತಾಂಶ 2005ರಲ್ಲಿ ಬಂತು. ತಂಬಾಕು ಅಥವಾ ಕುಡಿತದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದರಷ್ಟು ತಗ್ಗಿತ್ತು. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈ ತಪಾಸಣೆ ಮಾಡುವ ಕಾರ್ಯಕ್ರಮ ಇದೆ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು-ಮೂರು ವಾರವಾದರೂ ಮಾಯದ ಹುಣ್ಣು, ರೊಟ್ಟಿ ತುತ್ತಿಗೆ ಮೊದಲಿನಷ್ಟು ಬಾಯಿ ತೆರೆಯದಿರುವುದು, ಇವುಗಳಲ್ಲಿ ಯಾವುದಿದ್ದರೂ ಅದೇ ವಾರ ಹೋಗಿ ತೋರಿಸಿ.

ಹಾಗಾದರೆ ನಿನ್ನ ಓದು ಯಾಕೆ ಅಂತ ದೊಡ್ಡವ್ವ ಕೇಳಿಯೇ ಕೇಳುತ್ತಾಳೆ. ಬಿಳಿ ಮಚ್ಚೆ ಇರುವ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ, ಕೆಲವರದು ಮಾತ್ರ ತಿರುಗುತ್ತದೆ. ಯಾರದು ಎಂಬುದನ್ನು ಟಾರ್ಚ್ ಹೇಳಲಾರದು. ಆ ಮಚ್ಚೆಯ ಕೋಶಗಳಲ್ಲಿ ಯಾವ ಪ್ರೋಟೀನು ಮೊದಲು ಬದಲಾಗುತ್ತದೆ ಎಂಬುದನ್ನೇ ನಾನು ಹುಡುಕುತ್ತಿದ್ದೇನೆ.