ಗಣರಾಜ್ಯ ಸತ್ತದ್ದು ಯಾವ ವರ್ಷ?

"ರೋಮನ್ ಗಣರಾಜ್ಯದ ಪತನಕ್ಕೆ ಕಾರಣಗಳನ್ನು ವಿವರಿಸಿ." ನಮ್ಮ ಕಾಲದಲ್ಲಿ ಬಿ.ಎ. ಪರೀಕ್ಷೆಗೆ ಈ ಪ್ರಶ್ನೆ ಬಂದೇ ಬರುತ್ತದೆ ಅಂತ ನಂಬಿದ್ದೆವು. ಗೈಡಿನಲ್ಲಿ ಉತ್ತರ ತಯಾರಿತ್ತು. ಸೀಸರನ ಅಧಿಕಾರದಾಸೆ, ಅಂತರ್ಯುದ್ಧ, ಹಿರಿಯರ ಸಭೆಯಾದ ಸೆನೆಟ್ಟಿನ ಭ್ರಷ್ಟಾಚಾರ. ಕೆಳಗೊಂದು ಗೆರೆ ಎಳೆದರೆ ಮುಗೀತು. ಇತಿಹಾಸದ ಮೇಡಂಗೆ ಮಾತ್ರ ಆ ಗೈಡ್ ಕಂಡರೆ ಆಗುತ್ತಿರಲಿಲ್ಲ. "ಸತ್ತುಹೋಯ್ತು ಅಂತೀರಲ್ಲ, ಯಾವ ವರ್ಷ ಸತ್ತಿತು? ಮೊದಲು ಅದನ್ನು ಹೇಳಿ" ಅಂದರು.

ಸೀಸರನ ಕೊಲೆಯಾದ ಕ್ರಿ.ಪೂ. 44 ಅಂತ ಮುಂದಿನ ಬೆಂಚು. ಮುಂದೆ ಚಕ್ರವರ್ತಿಯಾದ ಆಗಸ್ಟಸ್ ಗೆದ್ದ ಆಕ್ಟಿಯಂ ಕದನದ 31 ಅಂತ ಇನ್ನು ಕೆಲವರು. ಮೇಡಂ ಬೋರ್ಡಿನ ಮೇಲೆ ಕ್ರಿ.ಪೂ. 133 ಅಂತ ಬರೆದರು. ನಾವು ಮುಖ ಮುಖ ನೋಡಿಕೊಂಡೆವು.

ಆ ವರ್ಷ ಟೈಬೀರಿಯಸ್ ಗ್ರಾಕಸ್ ಅನ್ನುವವನು ಟ್ರಿಬ್ಯೂನ್, ಅಂದರೆ ಜನಸಾಮಾನ್ಯರ ಪ್ರತಿನಿಧಿ. ಸರ್ಕಾರಿ ಜಮೀನು ಒಬ್ಬನ ಕೈಯಲ್ಲಿ 500 ಯುಗೆರಾ, ಅಂದರೆ ಸುಮಾರು 300 ಎಕರೆ ಮೀರಬಾರದು ಅನ್ನುವ ಹಳೆಯ ಮಿತಿಗೆ ಅವನು ಜೀವ ಕೊಡಲು ಹೊರಟ. ಹೆಚ್ಚುವರಿ ಭೂಮಿ ಬಡವರಿಗೆ ಹಂಚಬೇಕು. ಜೊತೆಯ ಟ್ರಿಬ್ಯೂನ್ ಆಕ್ಟೇವಿಯಸ್ ಅಡ್ಡ ಬಂದ. ಗ್ರಾಕಸ್ ಜನರಿಂದ ಮತ ಹಾಕಿಸಿ ಅವನನ್ನೇ ಕೆಳಗಿಳಿಸಿದ. ಹಿಂದೆ ಯಾರೂ ಹಾಗೆ ಮಾಡಿರಲಿಲ್ಲ. ಆಮೇಲೆ ಮುಂದಿನ ವರ್ಷಕ್ಕೂ ತಾನೇ ನಿಂತ. ಸೆನೆಟರುಗಳು ಮುರಿದ ಬೆಂಚಿನ ಕಾಲುಗಳನ್ನು ಹಿಡಿದು ಬಂದು ಅವನನ್ನು ಬಡಿದು ಕೊಂದರು. ಜೊತೆಗೆ 300ಕ್ಕೂ ಹೆಚ್ಚು ಜನ ಸತ್ತರು ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಹೆಣಗಳನ್ನು ಟೈಬರ್ ನದಿಗೆ ಎಸೆದರು.

"ಗ್ರಾಕಸ್, ಸೆನೆಟ್ ಇಬ್ಬರೂ ನಿಯಮ ಮುರಿಯುವುದು ಇದೊಂದು ಸಲ ಅಂದುಕೊಂಡರು" ಅನ್ನುತ್ತಿದ್ದರು ಮೇಡಂ. 121ರಲ್ಲಿ ಗ್ರಾಕಸನ ತಮ್ಮ ಗೈಯಸ್‌ನ ಸರದಿ. ಆಗ ರಾಜ್ಯ ಉಳಿಸಲು ಏನು ಬೇಕಾದರೂ ಮಾಡು ಅಂತ ಸೆನೆಟ್ ಆ ವರ್ಷದ ಕಾನ್ಸುಲ್ (ವರ್ಷಕ್ಕೆ ಇಬ್ಬರಂತೆ ಆಯ್ಕೆಯಾಗುವ ಆಡಳಿತ ಮುಖ್ಯಸ್ಥ) ಒಪಿಮಿಯಸ್‌ಗೆ ನಿರ್ಣಯವನ್ನೇ ಬರೆದುಕೊಟ್ಟಿತು. ಸಾವಿರಾರು ಜನರನ್ನು ಕೊಲ್ಲಿಸಿದ ಮೇಲೆ ಆ ಮಹಾನುಭಾವ ಕಟ್ಟಿಸಿದ್ದೇನು ಗೊತ್ತಾ? ಕನ್ಕಾರ್ಡಿಯಾ ದೇವಿಯ ಗುಡಿ. ಸಾಮರಸ್ಯದ ದೇವತೆ! ಇದನ್ನು ಹೇಳುವಾಗ ಮೇಡಂಗೆ ನಗು ತಡೆಯಲು ಆಗುತ್ತಿರಲಿಲ್ಲ.

ನನಗೆ ಮಾತ್ರ 133 ಅಷ್ಟು ರುಚಿಸಲಿಲ್ಲ, ಈಗಲೂ ಇಲ್ಲ. ನನ್ನ ಲೆಕ್ಕದಲ್ಲಿ ಆ ವರ್ಷ 88. ಪೂರ್ವದ ದೊರೆ ಮಿಥ್ರಿಡೇಟಿಸ್ ಮೇಲಿನ ಯುದ್ಧದ ನಾಯಕತ್ವ ಕಾನ್ಸುಲ್ ಸುಲ್ಲಾನದಾಗಿತ್ತು. ಒಬ್ಬ ಟ್ರಿಬ್ಯೂನ್ ಅದನ್ನು ಕಿತ್ತು ಮುದುಕ ಸೇನಾಪತಿ ಮಾರಿಯಸ್‌ಗೆ ಕೊಡಿಸಿದ. ಸುಲ್ಲಾ ಆರು ಲೀಜನ್ (ದೊಡ್ಡ ಸೇನಾ ತುಕಡಿ) ಕಟ್ಟಿಕೊಂಡು ಸ್ವಂತ ಊರಿನ ಮೇಲೇ ನುಗ್ಗಿದ. ಅವನ ಅಧಿಕಾರಿಗಳಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬಿಟ್ಟು ಹೋದರು. ಸೈನಿಕರು ಹೋಗಲಿಲ್ಲ. ಮಾರಿಯಸ್ ಕಳಿಸಿದ ಅಧಿಕಾರಿಗಳನ್ನು ಅವರೇ ಕಲ್ಲು ಹೊಡೆದು ಕೊಂದಿದ್ದರು. ಯಾಕೆ? ಯುದ್ಧದ ಕೊಳ್ಳೆ ಬೇರೆಯವರ ಪಾಲಾಗುತ್ತದೆ ಅನ್ನುವ ಭಯ. ಸೈನಿಕ ಮುದಿಯಾದಾಗ ಜಮೀನು ಕೊಡುವ ವ್ಯವಸ್ಥೆ ಸೆನೆಟ್ ಮಾಡಿರಲಿಲ್ಲ. ಕೊಟ್ಟರೆ ಸೇನಾಪತಿ ಕೊಡಬೇಕು. ಹಾಗಿದ್ದಮೇಲೆ ನಿಷ್ಠೆ ಯಾರಿಗಿರುತ್ತೆ?

ನನ್ನ ವಾದ ಪೂರ್ತಿ ಕೇಳಿ ಮೇಡಂ ಒಂದೇ ಪ್ರಶ್ನೆ ಹಾಕಿದರು: "ಆ ಸೈನಿಕರಿಗೆ ಜಮೀನು ಯಾಕಿರಲಿಲ್ಲ?" 107ರಲ್ಲಿ ಮಾರಿಯಸ್ ಆಸ್ತಿಯಿಲ್ಲದವರನ್ನೂ ಸೈನ್ಯಕ್ಕೆ ಸೇರಿಸಿಕೊಂಡ ಅಂದೆ. "ಅವರಿಗೆ ಆಸ್ತಿ ಯಾಕಿರಲಿಲ್ಲ?" ಅಂದರು. ಮತ್ತೆ ಗ್ರಾಕಸ್ ಹತ್ತಿರವೇ ಬಂದು ನಿಲ್ಲಬೇಕಾಯಿತು. ಆದರೂ ನಾನು ಒಪ್ಪಿಲ್ಲ. ಕಾರಣ ಹಳೆಯದಿರಬಹುದು, ಆದರೆ ಸೈನ್ಯ ಊರೊಳಗೆ ಬಂದ ಮೇಲೆ ಮತದಾನಕ್ಕೆ ಏನು ಬೆಲೆ? ಆರು ತಿಂಗಳು ಮೀರಬಾರದ ಡಿಕ್ಟೇಟರ್ ಹುದ್ದೆಯನ್ನು ಸುಲ್ಲಾ ಆಮೇಲೆ ಅವಧಿಯೇ ಇಲ್ಲದೆ ಹಿಡಿದ. ಕೊಲ್ಲಬೇಕಾದವರ ಹೆಸರಿನ ಪಟ್ಟಿಯನ್ನು ಊರ ನಡುವಿನ ಸಭಾಚೌಕವಾದ ಫೋರಂನಲ್ಲಿ ತೂಗುಹಾಕಿಸಿದ. ಸಾಕೆನಿಸಿದಾಗ ಹುದ್ದೆ ಬಿಟ್ಟು ಮನೆಗೆ ಹೋದ. ಸೆನೆಟ್ಟನ್ನು ಬಲಪಡಿಸಲು ಅವನು ಮಾಡಿದ ಕಾನೂನುಗಳು ನಿಲ್ಲಲಿಲ್ಲ. ಅವನು ತೋರಿಸಿಕೊಟ್ಟ ದಾರಿ ನಿಂತಿತು.

ಸೀಸರನ ಕಥೆ ಎಲ್ಲರಿಗೂ ಗೊತ್ತು, ಬಿಡಿ. 59ರ ಒಂದು ತಮಾಷೆ ಮಾತ್ರ ಹೇಳುತ್ತೇನೆ. ಆ ವರ್ಷ ಸೀಸರ್ ಜೊತೆ ಕಾನ್ಸುಲ್ ಆಗಿದ್ದವನು ಬಿಬುಲಸ್. ವಿರೋಧಿಸಲು ಹೋಗಿ ತಲೆಮೇಲೆ ಸಗಣಿ ಸುರಿಸಿಕೊಂಡು ಮನೆ ಸೇರಿದ. ಆಕಾಶದಲ್ಲಿ ಶಕುನ ನೋಡುತ್ತಿದ್ದೇನೆ, ಹಾಗಾಗಿ ಸಭೆ ಸಿಂಧುವಲ್ಲ ಅಂತ ಅಲ್ಲಿಂದಲೇ ಹೇಳಿಕಳಿಸುತ್ತಿದ್ದ. ಜನ ಆ ವರ್ಷವನ್ನು "ಜೂಲಿಯಸ್ ಮತ್ತು ಸೀಸರ್ ಕಾನ್ಸುಲರಾಗಿದ್ದ ವರ್ಷ" ಅಂತ ಕರೆದು ನಕ್ಕರು. ನಿಯಮ ಎಲ್ಲವೂ ಇತ್ತು, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ.

27ರ ನಂತರ ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ಮಾಡಿದ್ದೂ ಅದನ್ನೇ, ಜಾಸ್ತಿ ಜಾಣತನದಿಂದ. ಪ್ರತಿವರ್ಷ ಕಾನ್ಸುಲರು ಆಯ್ಕೆಯಾಗುತ್ತಿದ್ದರು, ಸೆನೆಟ್ ಸೇರುತ್ತಿತ್ತು. ಟ್ರಿಬ್ಯೂನ್ ಆಗದೆಯೇ ಟ್ರಿಬ್ಯೂನನ ಅಧಿಕಾರ ಇಟ್ಟುಕೊಂಡ. ಗಣರಾಜ್ಯವನ್ನು ಜನರಿಗೆ ಮರಳಿಸಿದೆ ಅಂತ ಹೇಳಿಕೊಂಡ. ಯುದ್ಧಗಳಿಂದ ಬೇಸತ್ತ ಜನಕ್ಕೆ ಶಾಂತಿ ಸಿಕ್ಕಿತ್ತು. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ರೋಮ್‌ನಲ್ಲಿ ಬದುಕಿರುವವನ ಮುಖ ಮೊದಲ ಸಲ ನಾಣ್ಯಕ್ಕೆ ಬಂದದ್ದು 44ರಲ್ಲಿ, ಸೀಸರನದು. ಅಲ್ಲಿಂದ ಅದೇ ರೂಢಿಯಾಯಿತು. ಆಗಸ್ಟಸ್ ಮತ್ತು ಅವನ ನಂತರದ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯಗಳು ವ್ಯಾಪಾರದ ದಾರಿ ಹಿಡಿದು ನಮ್ಮ ಚಂದ್ರವಳ್ಳಿಗೂ ಬಂದಿವೆ. ಚಿತ್ರದುರ್ಗಕ್ಕೆ ಪ್ರವಾಸ ಹೋಗುವ ಈಗಿನ ವಿದ್ಯಾರ್ಥಿಗಳು ಸುಮ್ನೆ ಕೋಟೆ ಹತ್ತಿ ಇಳಿದು ಬಂದುಬಿಡಬೇಡಿ. ಚಂದ್ರವಳ್ಳಿ ಪಕ್ಕದಲ್ಲೇ ಇದೆ.