ಗಲ್ಲು ಕೈದಿಯ ಹತ್ತಿರ ಔಷಧಿ ಹೊಡೆಯೋ ಮಾತು

ಕಾರವಾರದಲ್ಲಿ ಕಾನೂನು ನೆರವಿನ ಕೇಸು ನೋಡುತ್ತೇನೆ. ಸುಪ್ರೀಂ ಕೋರ್ಟಿನ 2022ರ ಮನೋಜ್ ತೀರ್ಪು ಬಂದ ಮೇಲೆ ಮಿಟಿಗೇಶನ್ ರಿಪೋರ್ಟ್, ಅಂದರೆ ಗಲ್ಲು ಬೇಡ ಅನ್ನಲು ಕಾರಣವಾಗಬಲ್ಲ ಕೈದಿಯ ಬದುಕಿನ ವರದಿ, ಬರೆಯುವ ಕೆಲಸವೂ ತಲೆಗೆ ಬಿದ್ದಿದೆ. ಹಿನ್ನೆಲೆ, ಜೈಲಿನ ನಡತೆ, ಮಾನಸಿಕ ಸ್ಥಿತಿ ಎಲ್ಲ ಬರೆಯಬೇಕು. ನಮ್ಮ ಸೀನಿಯರ್ ಅದಕ್ಕೊಂದು ಫಾರ್ಮ್ಯಾಟ್ ಮಾಡಿಟ್ಟಿದ್ದಾರೆ. ಕಾಲಂ ತುಂಬಿದರೆ ಅವರಿಗೆ ಸಮಾಧಾನ.

ಶಿರಸಿ ಕಡೆಯವನೊಬ್ಬ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದಾನೆ. ಹೈಕೋರ್ಟ್ ಗಲ್ಲು ಖಾಯಂ ಮಾಡಿದೆ, ಸುಪ್ರೀಂ ಕೋರ್ಟಿನಲ್ಲಿ ಅಪೀಲು ಇದೆ. ಆ ಜೈಲಿನಲ್ಲಿ 1983ರ ನಂತರ ಯಾರನ್ನೂ ಗಲ್ಲಿಗೇರಿಸಿಲ್ಲ. ಆದರೆ ಗಲ್ಲುಗಂಬ ಇರುವ ಜೈಲಿನಲ್ಲೇ ಮಲಗುವವನಿಗೆ ಆ ಲೆಕ್ಕ ಹೇಳಿ ಏನು ಪ್ರಯೋಜನ? ನಾನು ಏನು ಕೇಳಿದರೂ 'ಹೂಂ ಸರ್', 'ಇಲ್ಲ ಸರ್'. ತಲೆ ಎತ್ತುತ್ತಿರಲಿಲ್ಲ.

ಒಮ್ಮೆ ಮುಲಾಕಾತ್‌ಗೆ ಅವನ ತಾಯಿಯನ್ನು ಕರೆದುಕೊಂಡು ಹೋದೆ. ಅಳಬೇಡಿ, ಕೇಸಿನ ಮಾತು ತೆಗೆಯಬೇಡಿ ಅಂತ ಬಸ್ಸಿನುದ್ದಕ್ಕೂ ಪಾಠ ಹೇಳಿದ್ದೆ. ಎದುರು ಬದುರು ಆದ ಮೇಲೆ ಇಬ್ಬರೂ ಸುಮ್ನೆ. ವಾರ್ಡರ್ ಗಡಿಯಾರ ನೋಡಿದರು. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದರು. ಅಷ್ಟು ದೂರದಿಂದ ಬಂದು ಹೀಗೇ ಎದ್ದು ಹೋಗುವುದಾ ಅಂತ ನನಗೆ ಚಡಪಡಿಕೆ. ಕೊನೆಗೆ ಆಯಿ ಬಾಯಿಬಿಟ್ಟರು.

"ತಮ್ಮಾ, ಈ ಸಲ ಔಷಧಿ ಹೊಡೆಸಿದ್ರೂ ತೋಟಕ್ಕೆ ಕೊಳೆ ಬಂತು. ಎಂತ ಮಾಡೋದು?"

ಅಡಿಕೆ ಉದುರಿಸುವ ಕೊಳೆರೋಗದ ಮಾತು. ಅವನು ತಲೆ ಎತ್ತಿದ. "ಯಾರು ಕಲಸಿದ್ದು? ತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕಿದ್ರಾ, ಉಲ್ಟಾ ಮಾಡಿದ್ರಾ?"

ಆಯಿಗೆ ಗೊತ್ತಿಲ್ಲ. ಅವನಿಗೆ ಸಿಟ್ಟೇ ಬಂತು. ನೂರು ಲೀಟರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ಬೇರೆ ಬೇರೆ ಕರಗಿಸಬೇಕು. ಉಜ್ಜಿದ ಕತ್ತಿ ಅದ್ದಿ ನೋಡಬೇಕು, ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ತಗ್ಗಿನ ಸಾಲಿಗೆ ಮುಂದಿನ ಸಲ ಕೊಟ್ಟೆನೇ (ಗೊನೆಗೆ ಮಳೆ ತಾಗದ ಹಾಗೆ ಹೊದಿಕೆ) ಕಟ್ಟಿಸು, ಮರ ಹತ್ತುವ ಕೊನೆಗೌಡನಿಗೆ ಮೊದಲೇ ಹೇಳಿಡು. ಬೆರಳು ಮಡಚಿ ಮಡಚಿ ಹೇಳುತ್ತಲೇ ಹೋದ. ವಾರ್ಡರ್ ಗಡಿಯಾರ ಬಿಟ್ಟು ಇವನ ಮಾತು ಕೇಳುತ್ತ ನಿಂತರು. ಅವರಿಗೂ ಎಲ್ಲೋ ತೋಟ ಇರಬೇಕು!

ನಾವೆಲ್ಲ ಇಷ್ಟು ದಿನ ಅವನ ಬಗ್ಗೆ ಕೇಳಿದ್ದೇ ಕೇಳಿದ್ದು. ಅವನನ್ನು ಒಂದು ಸಲಹೆ ಕೇಳಿದವರಿಲ್ಲ. ಮನೆಯ ಯಜಮಾನ ಅಂತ ಮಾತಾಡಿಸಿದ್ದು ಆಯಿ ಒಬ್ಬರೇ.

ಕ್ಷಮಾದಾನ ಅರ್ಜಿ ತಿರಸ್ಕಾರವಾಯಿತು ಅಂತ ಕೈದಿಗೆ ತಿಳಿಸಿದ ಮೇಲೆ ಗಲ್ಲಿಗೆ ಕನಿಷ್ಠ 14 ದಿನ ಬಿಡಬೇಕು ಅಂತ ಸುಪ್ರೀಂ ಕೋರ್ಟ್ 2014ರ ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಹೇಳಿದೆ. ಮನೆಯವರನ್ನು ನೋಡಲು, ಮನಸ್ಸು ಗಟ್ಟಿ ಮಾಡಿಕೊಳ್ಳಲು, ವ್ಯವಹಾರ ಮುಗಿಸಿಕೊಳ್ಳಲು. ಒಳ್ಳೆಯದೇ. ಆದರೆ ಅಡಿಕೆ ತೋಟದ ವ್ಯವಹಾರ 14 ದಿನದಲ್ಲಿ ಮುಗಿಯುತ್ತಾ? ಅದಕ್ಕೇ ಹೊಸದಾಗಿ ಬಂದ ವಕೀಲರಿಗೆ ಹೇಳುತ್ತೇನೆ: ಅಪೀಲು ನಡೆಯುವಾಗಲೇ ಪಹಣಿ, ಸೊಸೈಟಿ ಸಾಲ, ಕೊಟ್ಟಿಗೆಯ ಸುದ್ದಿ ತಗೊಂಡು ಹೋಗಿ, ಏನು ಮಾಡೋಣ ಅಂತ ಅವನನ್ನೇ ಕೇಳಿ. 'ಹೇಗಿದ್ದೀರಿ' ಅಂತ ಕೇಳಬೇಡಿ. ಅದಕ್ಕೆ ಅವನಾದರೂ ಏನು ಹೇಳಬೇಕು?

ಔಷಧಿ ಕಲಸುವ ವಿಷಯವನ್ನು ರಿಪೋರ್ಟಿಗೆ ಬರೆದಿದ್ದೆ. "ಇದಕ್ಕೆ ಕಾಲಂ ಎಲ್ಲಿದೆ?" ಅಂತ ಸೀನಿಯರ್ ಅಡ್ಡಗೀಟು ಎಳೆದರು. ಅನುಬಂಧ ಅಂತ ಹೆಸರು ಕೊಟ್ಟು ಮತ್ತೆ ಸೇರಿಸಿದೆ. ಹಾಳೆ ಜಾಸ್ತಿ ಆಯ್ತು ಅಂತ ಈಗ ಜೆರಾಕ್ಸ್ ಬಿಲ್ಲಿಗೆ ತಕರಾರು ನಡೆದಿದೆ.